ಪಿಸಿಯಲ್ಲಿ ಪ್ಯಾಕೆಟ್ ರೇಡಿಯೋ ಕಾರ್ಡ್: ಕೊಡಗಿನ ಹ್ಯಾಮ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾಕೆಟ್ ರೇಡಿಯೋ ಅಂದರೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಪಿಸಿಯ ಸಂದೇಶಗಳನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ರೇಡಿಯೋದಲ್ಲಿ ಕಳಿಸುವ ವಿಧಾನ. ಅದರ ಕಾರ್ಡನ್ನು ಸ್ಲಾಟ್‌ಗೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಆಮೇಲಿನ ತಲೆನೋವೆಲ್ಲ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ತಂತಿ) ಡಿಕ್ಕಿ, ಆಡಿಯೋ ಮಟ್ಟ, ಕೊಡಗಿನ ಗುಡ್ಡ ಮತ್ತು ಮಳೆಯದ್ದು. ಆದ್ದರಿಂದ ಇಲ್ಲಿಯ ಉತ್ತರಗಳಲ್ಲಿ ಕಾರ್ಡಿಗಿಂತ ಅದರ ಆಚೀಚೆಯ ವಿಷಯಗಳಿಗೇ ಹೆಚ್ಚು ಜಾಗ ಸಿಕ್ಕಿದೆ.

ಪ್ಯಾಕೆಟ್ ಕಾರ್ಡ್ ಅಂದರೆ ಏನು? ಟಿಎನ್‌ಸಿ ಬೇರೆ, ಇದು ಬೇರೆಯೇ?

ಕೆಲಸ ಒಂದೇ, ಕೂರುವ ಜಾಗ ಬೇರೆ. ಟಿಎನ್‌ಸಿ ಪಿಸಿಗೂ ರೇಡಿಯೋಗೂ ನಡುವೆ ಹೊರಗಿಡುವ ಡಬ್ಬ. ಅದಕ್ಕೆ ತನ್ನದೇ ಪ್ರೊಸೆಸರ್ ಇರುತ್ತದೆ, ಸೀರಿಯಲ್ ಕೇಬಲ್ ಮೂಲಕ ಪಿಸಿಯ ಜೊತೆ ಮಾತಾಡುತ್ತದೆ. ಕಾರ್ಡ್ ಪಿಸಿಯ ಒಳಗೇ ಕೂರುತ್ತದೆ. ಬಹುತೇಕ ಕಾರ್ಡ್‌ಗಳ ಹೃದಯ ಜಿಲಾಗ್ 8530 ಎಂಬ ಚಿಪ್. ಪ್ಯಾಕೆಟ್ ರೇಡಿಯೋದ ನಿಯಮಾವಳಿಯಾದ ಎಎಕ್ಸ್.25ರ ಚೌಕಟ್ಟಿನ (ಒಂದೊಂದು ಕಟ್ಟಿನ) ಆರಂಭ, ಅಂತ್ಯದ ಗುರುತು ಹಾಕುವುದು, ನಡುವೆ ಬಿಟ್ ತುಂಬುವುದು, ತಪ್ಪು ಪತ್ತೆ ಮಾಡುವ ಚೆಕ್‌ಸಮ್ ಲೆಕ್ಕ ಎಲ್ಲವನ್ನೂ ಅದು ಹಾರ್ಡ್‌ವೇರ್‌ನಲ್ಲೇ ಮುಗಿಸುತ್ತದೆ. ಅದರ ಪಕ್ಕದ ಮೋಡೆಮ್ ಚಿಪ್ ಬಿಟ್‌ಗಳನ್ನು 1200 ಮತ್ತು 2200 ಹರ್ಟ್ಸ್ ಸ್ವರಗಳಾಗಿ ಬದಲಿಸುತ್ತದೆ. ಉಳಿದದ್ದೆಲ್ಲ ಪಿಸಿಯ ಸಾಫ್ಟ್‌ವೇರ್‌ನ ಪಾಲು. ಒಂದು 8530ರಲ್ಲಿ ಎರಡು ಚಾನೆಲ್ ಇರುವುದರಿಂದ ಒಂದೇ ಕಾರ್ಡಿಗೆ ಎರಡು ರೇಡಿಯೋ ಕಟ್ಟಬಹುದು.

ಇವತ್ತಿನ ದಿನ ಇಂಥ ಕಾರ್ಡ್ ಹಾಕುವುದರಲ್ಲಿ ಅರ್ಥ ಇದೆಯೇ?

ಕಾರ್ಡ್ ಈಗಾಗಲೇ ಕೈಯಲ್ಲಿದ್ದರೆ, ಹಳೆಯ ಪಿಸಿಯೂ ಇದ್ದರೆ, ಧಾರಾಳವಾಗಿ ಹಾಕಿ. ಎರಡನ್ನೂ ಹುಡುಕಿ ಕೊಳ್ಳುವಂತಿದ್ದರೆ ಬೇಡ. ಯುಎಸ್‌ಬಿ ಸೌಂಡ್‌ಕಾರ್ಡ್ ಮತ್ತು ಡೈರ್‌ವುಲ್ಫ್ ಸಾಫ್ಟ್‌ವೇರ್ ಸೇರಿದರೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಕ್ಷೀಣ ಸಿಗ್ನಲ್‌ಗಳನ್ನು ಹಳೆಯ ಮೋಡೆಮ್ ಚಿಪ್‌ಗಿಂತ ಚೆನ್ನಾಗಿಯೇ ಬಿಡಿಸುತ್ತದೆ. ಅದರ ಬಗ್ಗೆ ಕೆಳಗೆ ಬರುತ್ತದೆ. ಆಡಿಯೋ ಮಟ್ಟ, ಪಿಟಿಟಿ (ರೇಡಿಯೋವನ್ನು ಪ್ರಸಾರಕ್ಕೆ ತಿರುಗಿಸುವ ಗುಂಡಿ ಅಥವಾ ತಂತಿ), ಆಂಟೆನಾ ಬಗ್ಗೆ ಹೇಳಿರುವುದು ಎರಡೂ ದಾರಿಗೆ ಅನ್ವಯ.

ಲೈಸೆನ್ಸ್ ಬೇಕೇ?

ಬೇಕು. ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಕರೆ ಸಂಕೇತ ಪಡೆಯದೆ ಪಿಟಿಟಿ ಒತ್ತುವಂತಿಲ್ಲ. ಅರ್ಜಿ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಭಾರತದಲ್ಲಿ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಇರುವ ಸ್ಥಳ, ಚಿಕ್ಕ ಸಂದೇಶ ಪ್ರಸಾರ ಮಾಡುವ ಎಪಿಆರ್‌ಎಸ್ ಎಂಬ ಪ್ಯಾಕೆಟ್ ಪದ್ಧತಿಗೆ ಇಲ್ಲಿ ಬಳಸುವುದು 144.390. ಸಂದೇಶಗಳನ್ನು ಗುಪ್ತಲಿಪಿಯಲ್ಲಿ ಕಳಿಸುವಂತಿಲ್ಲ, ವ್ಯಾಪಾರದ ಮಾತೂ ಕೂಡದು. ತೋಟದಿಂದ ಕುಶಾಲನಗರದ ವ್ಯಾಪಾರಿಗೆ ಕಾಫಿ ರೇಟು ಕೇಳಲು ಇದನ್ನು ಬಳಸಬೇಡಿ, ಅದಕ್ಕೆ ಫೋನಿದೆ.

ಯಾವ ಪಿಸಿ ಬೇಕು?

ಐಎಸ್‌ಎ ಸ್ಲಾಟ್ ಇರುವುದು. ಉದ್ದನೆಯ ಕಪ್ಪು ಸ್ಲಾಟ್ ಅದು, ಬಿಳಿಯದ್ದು ಪಿಸಿಐ. ಪೆಂಟಿಯಮ್ 3 ಕಾಲದ ಕೆಲವು ಮದರ್‌ಬೋರ್ಡ್‌ಗಳವರೆಗೂ ಒಂದೆರಡು ಐಎಸ್‌ಎ ಸ್ಲಾಟ್ ಉಳಿದಿದ್ದವು. ವೇಗದ ಚಿಂತೆ ಬೇಡ. 1200 ಬಾಡ್ ಅಂದರೆ ಸೆಕೆಂಡಿಗೆ 150 ಬೈಟ್, 386 ಪ್ರೊಸೆಸರ್ ಕೂಡ ಆರಾಮಾಗಿ ನಿಭಾಯಿಸುತ್ತದೆ. ಡಾಸ್ ಅಥವಾ ಹಳೆಯ 32 ಬಿಟ್ ಲಿನಕ್ಸ್ ಇರಲಿ. ವಿಂಡೋಸ್ ಎನ್‌ಟಿ ಮತ್ತು ಅದರ ನಂತರದ ಎಕ್ಸ್‌ಪಿಯಂಥವು ಪ್ರೋಗ್ರಾಮ್‌ಗಳು ಪೋರ್ಟನ್ನು ನೇರ ಮುಟ್ಟಲು ಬಿಡುವುದಿಲ್ಲ, ಹಾಗಾಗಿ ಡಾಸ್ ಡ್ರೈವರ್ ಅಲ್ಲಿ ಕೆಲಸಕ್ಕೆ ಬಾರದು.

386, 486 ಬೋರ್ಡ್ ಸಿಕ್ಕಿದರೆ ಮೊದಲು ನೋಡಬೇಕಾದ್ದು ಕೀಬೋರ್ಡ್ ಸಾಕೆಟ್ಟಿನ ಹತ್ತಿರದ ನೀಲಿ ಪೀಪಾಯಿ ಆಕಾರದ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದು ಹಾಕಿರುತ್ತದೆ. ಹಸಿರು ಪುಡಿ ಕಂಡರೆ ಬ್ಯಾಟರಿ ಕತ್ತರಿಸಿ ತೆಗೆದು, ಆ ಜಾಗವನ್ನು ವಿನೆಗರ್ ಅದ್ದಿದ ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಗೆರೆ ಮುರಿದಿದ್ದರೆ ಅದು ಸಾಮಾನ್ಯವಾಗಿ ಸ್ಲಾಟಿನ ಕಡೆಗೇ ಹೋಗುವ ಗೆರೆ.

ಕಾರ್ಡ್ ಹಾಕುವ ಮುನ್ನ ಏನೇನು ಮಾಡಬೇಕು?

ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಕೊಡಗಿನಲ್ಲಿ ಒಂದು ಮಳೆಗಾಲ ಅಟ್ಟದ ಮೇಲೆ ಕಳೆದ ಕಾರ್ಡಿಗೆ ಇದು ಕಡ್ಡಾಯ. ಸಾಕೆಟ್‌ನಲ್ಲಿರುವ ಚಿಪ್‌ಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ತಂಪು ಬಿಸಿಯಲ್ಲಿ ಅವು ಮೇಲೆದ್ದಿರುತ್ತವೆ. ಜಂಪರ್‌ಗಳ ಫೋಟೋ ತೆಗೆದಿಡಿ.

ಆಮೇಲೆ ಪಿಸಿಯ ಪವರ್ ಕೇಬಲನ್ನು ಗೋಡೆಯಿಂದ ಕಿತ್ತುಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಟಿಎಕ್ಸ್ ಸಪ್ಲೈ ಆಫ್ ಇದ್ದಾಗಲೂ 5 ವೋಲ್ಟ್ ಸ್ಟ್ಯಾಂಡ್‌ಬೈ ಜೀವಂತ ಇರುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿ, ಕಾರ್ಡನ್ನು ನೇರ ಒತ್ತಿ, ಬ್ರಾಕೆಟ್‌ಗೆ ಸ್ಕ್ರೂ ಹಾಕಿ. ಸ್ಕ್ರೂ ಬಿಟ್ಟರೆ ಹಿಂದಿನ ರೇಡಿಯೋ ಕೇಬಲ್ ಎಳೆದಾಗ ಕಾರ್ಡ್ ಓರೆಯಾಗಿ ಪಕ್ಕದ ಸಂಪರ್ಕಗಳು ಶಾರ್ಟ್ ಆಗುತ್ತವೆ. ಅಲ್ಲಿಗೆ ಕಾರ್ಡ್ ಹೋಯಿತು, ಕೆಲವೊಮ್ಮೆ ಬೋರ್ಡೂ ಹೋಗುತ್ತದೆ.

ಅಡ್ರೆಸ್, ಐಆರ್‌ಕ್ಯೂ ಹೇಗೆ ಆರಿಸಬೇಕು?

ಮೊದಲು ಪಿಸಿಯಲ್ಲಿ ಯಾರು ಯಾವ ಜಾಗ ಹಿಡಿದಿದ್ದಾರೆ ಎಂದು ಕಾಗದದಲ್ಲಿ ಬರೆಯಿರಿ. ಅಡ್ರೆಸ್ ಅಂದರೆ ಪಿಸಿ ಆ ಸಾಧನವನ್ನು ಗುರುತಿಸುವ ಸಂಖ್ಯೆ, ಎಲ್ಲವೂ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆ). ಮೊದಲ ಸೀರಿಯಲ್ ಪೋರ್ಟ್ ಕಾಮ್1 ಇರುವುದು 3ಎಫ್8ರಲ್ಲಿ, ಐಆರ್‌ಕ್ಯೂ 4. ಕಾಮ್2ಗೆ 2ಎಫ್8, ಐಆರ್‌ಕ್ಯೂ 3. ಪ್ರಿಂಟರ್ ಪೋರ್ಟ್ 378, ಐಆರ್‌ಕ್ಯೂ 7. ಫ್ಲಾಪಿಗೆ ಐಆರ್‌ಕ್ಯೂ 6. ಸೌಂಡ್ ಬ್ಲಾಸ್ಟರ್ ಸಾಮಾನ್ಯವಾಗಿ 220, ಐಆರ್‌ಕ್ಯೂ 5. ಎನ್‌ಇ2000 ನೆಟ್‌ವರ್ಕ್ ಕಾರ್ಡ್ ಹೆಚ್ಚಾಗಿ 300, ಐಆರ್‌ಕ್ಯೂ 3.

ತೊಡಕು ಶುರುವಾಗುವುದೇ ಈ 300ರಲ್ಲಿ. ಬೇಕಾಮ್ ಯುಎಸ್‌ಸಿಸಿ, ಡಿಆರ್‌ಎಸ್‌ಐ ಎಂಬ ಎರಡೂ ಪ್ಯಾಕೆಟ್ ಕಾರ್ಡ್‌ಗಳ ಮಾಮೂಲು ಅಡ್ರೆಸ್ ಕೂಡ 300. ನೆಟ್‌ವರ್ಕ್ ಕಾರ್ಡ್ ಜೊತೆಗಿದ್ದರೆ ಒಂದನ್ನು ಸರಿಸಲೇಬೇಕು. ನೆಟ್‌ವರ್ಕ್ ಕಾರ್ಡನ್ನು ಸರಿಸುವುದು ಜಾಣತನ, ಯಾಕೆಂದರೆ ಪ್ಯಾಕೆಟ್ ಕಾರ್ಡಿನ ಡ್ರೈವರ್ ಉದಾಹರಣೆಗಳೆಲ್ಲ 300ಕ್ಕೇ ಬರೆದಿರುತ್ತವೆ. ಐಆರ್‌ಕ್ಯೂಗೆ 5 ಅಥವಾ 7 ಸಾಮಾನ್ಯ ಆಯ್ಕೆ. 7 ಆರಿಸಿದರೆ ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗಿನ ಸೆಟ್ಟಿಂಗ್‌ಗಳು) ಪ್ರಿಂಟರ್ ಪೋರ್ಟ್ ಮುಚ್ಚಿಬಿಡಿ. ಐಎಸ್‌ಎಯಲ್ಲಿ ಎರಡು ಕಾರ್ಡ್ ಒಂದೇ ಐಆರ್‌ಕ್ಯೂ ಹಂಚಿಕೊಳ್ಳಲಾಗದು. ಪಿಸಿಐನಲ್ಲಿ ಆಗುತ್ತದಲ್ಲ ಎಂಬ ವಾದ ಇಲ್ಲಿ ನಡೆಯದು. ಎಂಟು ಬಿಟ್ ಕಾರ್ಡಿನಲ್ಲಿ ಐಆರ್‌ಕ್ಯೂ 2 ಎಂದು ಅಚ್ಚಾಗಿದ್ದರೆ ಸಾಫ್ಟ್‌ವೇರ್‌ಗೆ 9 ಎಂದು ಹೇಳಿ.

ಪ್ಲಗ್ ಅಂಡ್ ಪ್ಲೇ ಬಯಾಸ್ ಇದ್ದರೆ ಆ ಐಆರ್‌ಕ್ಯೂವನ್ನು ಲೆಗಸಿ ಐಎಸ್‌ಎಗೆ ಕಾದಿರಿಸಿ. ಇದನ್ನು ಮರೆತರೆ ಬಯಾಸ್ ಅದನ್ನು ಪಿಸಿಐ ಗ್ರಾಫಿಕ್ಸ್ ಕಾರ್ಡಿಗೋ ಯುಎಸ್‌ಬಿಗೋ ಕೊಟ್ಟುಬಿಡುತ್ತದೆ. ಆಗ ಪ್ಯಾಕೆಟ್ ಕಾರ್ಡ್ ಒಂದು ದಿನ ಓಡುತ್ತದೆ, ಇನ್ನೊಂದು ದಿನ ಮುನಿಸಿಕೊಳ್ಳುತ್ತದೆ.

ಡ್ರೈವರ್ ಕಾರ್ಡನ್ನು ಗುರುತಿಸಿದೆ, ಆದರೂ ಪ್ಯಾಕೆಟ್ ಬರುತ್ತಿಲ್ಲ. ಯಾಕೆ?

ಅಡ್ರೆಸ್ ಸರಿ, ಐಆರ್‌ಕ್ಯೂ ತಪ್ಪು ಇದ್ದಾಗ ಹೀಗಾಗುತ್ತದೆ. ಲಿನಕ್ಸ್‌ನಲ್ಲಿ ಪ್ರೊಕ್ ಡೈರೆಕ್ಟರಿಯ ಇಂಟರಪ್ಟ್ಸ್ ಕಡತ ತೆರೆದು ಕಾರ್ಡಿನ ಸಾಲಿನ ಎಣಿಕೆ ನೋಡಿ. ರೇಡಿಯೋದಲ್ಲಿ ಪ್ಯಾಕೆಟ್‌ನ ಕರ್ಕಶ ಸದ್ದು ಕೇಳುತ್ತಿರುವಾಗಲೂ ಸಂಖ್ಯೆ ಏರದಿದ್ದರೆ ಇಂಟರಪ್ಟ್ ತಲುಪುತ್ತಿಲ್ಲ ಎಂದೇ ಅರ್ಥ. ಸಂಖ್ಯೆ ಏರುತ್ತಿದೆ, ಆದರೆ ಪ್ಯಾಕೆಟ್ ಇಲ್ಲ ಎಂದಾದರೆ ಆಡಿಯೋ ಕಡೆ ಹೋಗಿ.

ಇನ್ನೊಂದು ಕಾರಣ ಗಡಿಯಾರ. ಈ ಕಾರ್ಡ್‌ಗಳಲ್ಲಿ 8530ಕ್ಕೆ ಸಾಮಾನ್ಯವಾಗಿ 4.9152 ಮೆಗಾಹರ್ಟ್ಸ್ ಕ್ಲಾಕ್. ಕಾನ್ಫಿಗರೇಷನ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ ಬಾಡ್ ದರವೇ ತಪ್ಪುತ್ತದೆ. ಮೋಡೆಮ್ ಚಿಪ್‌ಗೆ ಅದರದೇ ಕ್ರಿಸ್ಟಲ್: ಟಿಸಿಎಂ3105ಕ್ಕೆ 4.4336 ಮೆಗಾಹರ್ಟ್ಸ್, ಅಂದರೆ ಹಳೆಯ ಪಾಲ್ ಕಲರ್ ಟಿವಿಯೊಳಗಿನ ಅದೇ ಕ್ರಿಸ್ಟಲ್. ರಿಪೇರಿ ಅಂಗಡಿಯ ಹಳೆ ಬೋರ್ಡಿನಲ್ಲಿ ಪುಕ್ಕಟೆ ಸಿಕ್ಕೀತು. ಎಂಎಕ್ಸ್614 ಹಾಕಿದ ಕಾರ್ಡಾದರೆ 3.5795. ಎರಡನ್ನೂ ಅದಲುಬದಲು ಮಾಡಬೇಡಿ.

ಕೇಳುತ್ತದೆ, ಆದರೆ ಎಂದೂ ಕಳಿಸುವುದಿಲ್ಲ!

ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚನ್ನು ತೆರೆದಿಟ್ಟಿದ್ದೀರಿ. ಟಿಸಿಎಂ3105ರ ಕ್ಯಾರಿಯರ್ ಪತ್ತೆ ಕೇವಲ ಸದ್ದಿನ ಶಕ್ತಿ ನೋಡುತ್ತದೆ. ಬರೀ ಗೊರಗೊರ ಶಬ್ದವನ್ನೂ ಯಾರೋ ಮಾತಾಡುತ್ತಿದ್ದಾರೆ ಎಂದುಕೊಂಡು ಸರದಿಗಾಗಿ ಕಾಯುತ್ತಲೇ ಇರುತ್ತದೆ. ಸ್ಕ್ವೆಲ್ಚನ್ನು ಸದ್ದು ನಿಲ್ಲುವಷ್ಟಕ್ಕೆ ಮಾತ್ರ ಮುಚ್ಚಿ, ಇಲ್ಲವೇ ಡ್ರೈವರ್‌ನಲ್ಲಿ ಸಾಫ್ಟ್‌ವೇರ್ ಡಿಸಿಡಿ (ಕ್ಯಾರಿಯರ್ ಪತ್ತೆ) ಆಯ್ಕೆ ಹಾಕಿ.

ರೇಡಿಯೋಗೆ ವೈರಿಂಗ್ ಹೇಗೆ?

ನಾಲ್ಕು ತಂತಿ: ಹೋಗುವ ಆಡಿಯೋ, ಬರುವ ಆಡಿಯೋ, ಪಿಟಿಟಿ, ಗ್ರೌಂಡ್. ಮೊಬೈಲ್ ಸೆಟ್‌ನ ಹಿಂದೆ ಆರು ಪಿನ್ನಿನ ಮಿನಿ ಡಿನ್ ಡೇಟಾ ಸಾಕೆಟ್ ಇದ್ದರೆ ಪುಣ್ಯ. ಅಲ್ಲಿ ಪಿನ್ 1 ಡೇಟಾ ಒಳಕ್ಕೆ, 2 ಗ್ರೌಂಡ್, 3 ಪಿಟಿಟಿ, 4 ರಲ್ಲಿ 9600 ಬಾಡ್‌ನ ಆಡಿಯೋ, 5 ರಲ್ಲಿ 1200 ಬಾಡ್‌ನ ಆಡಿಯೋ, 6 ಸ್ಕ್ವೆಲ್ಚ್. ವಾಲ್ಯೂಮ್ ಗುಂಡಿ ಮುಟ್ಟಿದರೂ ಈ ಮಟ್ಟ ಅಲುಗುವುದಿಲ್ಲ, ಅದೇ ದೊಡ್ಡ ಲಾಭ.

ಮೈಕ್ ಸಾಕೆಟ್ಟಿಗೇ ಕೊಡಬೇಕಾದರೆ ಮಟ್ಟ ಇಳಿಸಿ. ಸರಣಿಯಲ್ಲಿ 10 ಕಿಲೋಓಮ್, ಗ್ರೌಂಡಿಗೆ 100 ಓಮ್ ಹಾಕಿದರೆ 1 ವೋಲ್ಟ್ ಸಿಗ್ನಲ್ ಸುಮಾರು 10 ಮಿಲಿವೋಲ್ಟಿಗೆ ಇಳಿಯುತ್ತದೆ. ಮೈಕ್ ತಂತಿಯಲ್ಲಿ ಡಿಸಿ ಇರುವುದರಿಂದ ರೇಡಿಯೋ ಕಡೆಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿರಲಿ. ಗುಂಯ್ ಸದ್ದು ಬಂದರೆ 600ಕ್ಕೆ 600 ಓಮ್ ಆಡಿಯೋ ಟ್ರಾನ್ಸ್‌ಫಾರ್ಮರ್ ಎರಡು, ಪಿಟಿಟಿಗೆ ಪಿಸಿ817 ಆಪ್ಟೋಕಪ್ಲರ್ ಒಂದು ಹಾಕಿ ಪಿಸಿ ಮತ್ತು ರೇಡಿಯೋಗಳ ಗ್ರೌಂಡನ್ನು ಬೇರೆ ಮಾಡಿ. ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವ ಚಿಲ್ಲರೆ ಸಾಮಾನು.

ಎರಡು ಪಿನ್ನಿನ ಪ್ಲಗ್ ಇರುವ ಚೀನಾ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಒಂದು ಹುಷಾರಿ: ಎರಡೂ ಪ್ಲಗ್‌ಗಳ ಹೊರಕವಚವನ್ನು ಒಟ್ಟಿಗೆ ಗ್ರೌಂಡ್ ಮಾಡಬೇಡಿ. ಅವು ಸೇರಿದರೆ ಅದೇ ಪಿಟಿಟಿ, ಕೇಬಲ್ ಚುಚ್ಚಿದ ಕೂಡಲೇ ಸೆಟ್ ಟ್ರಾನ್ಸ್‌ಮಿಟ್‌ಗೆ ಹೋಗಿ ಅಲ್ಲೇ ಕೂರುತ್ತದೆ.

ಆಡಿಯೋ ಮಟ್ಟ ಎಷ್ಟಿರಬೇಕು?

ಹತ್ತರಲ್ಲಿ ಎಂಟು ಸ್ಟೇಷನ್‌ಗಳ ಕಾಯಿಲೆ ಇದೇ, ಅದೂ ಹೆಚ್ಚಾಗಿ ಮಟ್ಟ ಜಾಸ್ತಿಯಾಗಿ. ಗುರಿ 3ರಿಂದ 3.5 ಕಿಲೋಹರ್ಟ್ಸ್ ಡೀವಿಯೇಷನ್ (ಆಡಿಯೋದಿಂದ ಆವರ್ತನ ಆಚೀಚೆ ಸರಿಯುವ ಅಳತೆ). ಮೀಟರ್ ಇಲ್ಲದಿದ್ದರೆ ಹೀಗೆ ಮಾಡಿ. ಆಂಟೆನಾ ಬದಲು ಹಾಕುವ ಡಮ್ಮಿ ಲೋಡ್‌ಗೆ ಕನಿಷ್ಠ ಪವರ್‌ನಲ್ಲಿ ಒಂದೇ ಸ್ವರ ಕಳಿಸಿ. ಎರಡನೆಯ ಸೆಟ್‌ನಲ್ಲಿ ಅದನ್ನು ಕೇಳುತ್ತಾ, ಅದರ ಇಯರ್‌ಫೋನ್ ಸಾಕೆಟ್ಟಿಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಚ್ಚಿ. ಕಳಿಸುವ ಮಟ್ಟ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ವೋಲ್ಟೇಜ್ ಏರುವುದು ನಿಲ್ಲುತ್ತದೆ. ರೇಡಿಯೋದೊಳಗಿನ ಲಿಮಿಟರ್ ಕಚ್ಚಿಕೊಂಡಿತು, ಡೀವಿಯೇಷನ್ ಹತ್ತಿರ ಹತ್ತಿರ 5 ಕಿಲೋಹರ್ಟ್ಸ್. ಆ ವೋಲ್ಟೇಜ್‌ನ ನೂರಕ್ಕೆ 60–65 ಭಾಗಕ್ಕೆ ಇಳಿಸಿ. ಮುಗಿಯಿತು.

ಲಿಮಿಟರ್ ಕಚ್ಚಿದಾಗ ಏನು ಕೆಡುತ್ತದೆ ಅಂದರೆ, ಮೈಕ್ ದಾರಿಯಲ್ಲಿ ಪ್ರಿಎಂಫಸಿಸ್ (ಎತ್ತರದ ಸ್ವರಗಳನ್ನು ಹೆಚ್ಚಿಸುವ ವ್ಯವಸ್ಥೆ) ಇರುವುದರಿಂದ 2200ರ ಸ್ವರ 1200ಕ್ಕಿಂತ ಸುಮಾರು 5 ಡೆಸಿಬೆಲ್ ಎತ್ತರದಲ್ಲಿ ಹೋಗಬೇಕು, ಆ ಕಡೆಯ ಸೆಟ್ ಅದನ್ನು ಮತ್ತೆ ಸಮ ಮಾಡುತ್ತದೆ. ಲಿಮಿಟರ್ ಎರಡನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದರೆ ಆ ಕಡೆ 2200 ಕುಗ್ಗಿ ಬರುತ್ತದೆ. ಕಿವಿಗೆ ಗಟ್ಟಿಯಾಗಿ, ಚೆನ್ನಾಗಿ ಕೇಳುವ ಸಿಗ್ನಲ್ ಡಿಕೋಡ್ ಆಗದಿರುವುದಕ್ಕೆ ಕಾರಣ ಇದು.

ಟಿಎಕ್ಸ್ ಡಿಲೇ ಮುಂತಾದವುಗಳಿಗೆ ಯಾವ ಸಂಖ್ಯೆ ಕೊಡಬೇಕು?

ಟಿಎಕ್ಸ್ ಡಿಲೇ ಅಂದರೆ ಪಿಟಿಟಿ ಒತ್ತಿದ ಮೇಲೆ ಪ್ಯಾಕೆಟ್ ಕಳಿಸುವ ಮುನ್ನ ಕಾಯುವ ಸಮಯ, ಅದನ್ನು 30ರಿಂದ ಶುರು ಮಾಡಿ. 10 ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು 300 ಮಿಲಿಸೆಕೆಂಡ್. ಹ್ಯಾಂಡ್‌ಹೆಲ್ಡ್‌ಗಳಿಗೆ 40 ಬೇಕಾಗಬಹುದು. ಚಾನೆಲ್ ಖಾಲಿಯಾದಾಗ ಕಳಿಸಬೇಕೋ ಕಾಯಬೇಕೋ ಎಂದು ನಿರ್ಧರಿಸುವ ಪರ್ಸಿಸ್ಟ್ 63, ಸ್ಲಾಟ್ ಟೈಮ್ 10 ಇರಲಿ. ಪ್ಯಾಕೆಟ್ ಉದ್ದ 256 ಬೈಟ್ ಇಟ್ಟರೆ 1200 ಬಾಡ್‌ನಲ್ಲಿ ಒಂದು ಚೌಕಟ್ಟು ಗಾಳಿಯಲ್ಲಿ ಹೆಚ್ಚುಕಡಿಮೆ 1.8 ಸೆಕೆಂಡ್ ಇರುತ್ತದೆ. ನಡುವೆ ಒಂದೇ ಒಂದು ಬಿಟ್ ಕೆಟ್ಟರೂ ಪೂರ್ತಿ ಮರುಪ್ರಸಾರ. ಗುಡ್ಡ ಬಳಸಿ ಬರುವ ದುರ್ಬಲ ದಾರಿಯಲ್ಲಿ 64 ಬೈಟ್, ಮ್ಯಾಕ್ಸ್‌ಫ್ರೇಮ್ (ಉತ್ತರಕ್ಕೆ ಕಾಯದೆ ಕಳಿಸುವ ಚೌಕಟ್ಟುಗಳ ಸಂಖ್ಯೆ) 1 ಅಥವಾ 2 ಇಡಿ. ನಿಧಾನ ಅನಿಸಿದರೂ ಕೊನೆಗೆ ಬೇಗ ಮುಗಿಯುವುದು ಅದೇ.

9600 ಬಾಡ್‌ಗೆ ಹೋಗಬಹುದೇ?

ಮೈಕ್ ಮತ್ತು ಸ್ಪೀಕರ್ ದಾರಿಯಲ್ಲಿ ಸಾಧ್ಯವೇ ಇಲ್ಲ. ರೇಡಿಯೋದೊಳಗೆ ಎಫ್‌ಎಂ ಬಿಡಿಸುವ ಡಿಸ್ಕ್ರಿಮಿನೇಟರ್‌ನಿಂದ ನೇರ ತೆಗೆದ ಆಡಿಯೋ ಬೇಕು, ಕಾರ್ಡಿನಲ್ಲಿ 9600ರ ಜಿ3ಆರ್‌ಯುಎಚ್ ಮಾದರಿಯ ಮೋಡೆಮ್ ಇರಬೇಕು. ಪಿಸಿಗೂ ಒತ್ತಡ: 8530ರ ಒಳಗೆ ಬರುವ ಬೈಟ್‌ಗಳಿಗೆ ಮೂರೇ ಬೈಟ್‌ನ ಜಾಗ. ಹಾರ್ಡ್‌ಡಿಸ್ಕ್ ಇಂಟರಪ್ಟ್‌ಗಳನ್ನು ಎರಡೂವರೆ ಮಿಲಿಸೆಕೆಂಡಿಗಿಂತ ಹೆಚ್ಚು ತಡೆದರೆ ಬೈಟ್ ಕಳೆದುಹೋಗುತ್ತದೆ.

ನನ್ನ ಪಿಸಿಯಲ್ಲಿ ಐಎಸ್‌ಎ ಇಲ್ಲ. ಏನು ಮಾಡಲಿ?

ಸಿಎಂ108 ಚಿಪ್ ಇರುವ ಯುಎಸ್‌ಬಿ ಸೌಂಡ್ ಅಡಾಪ್ಟರ್ ತೆಗೆದುಕೊಳ್ಳಿ. ಅದರ ಜಿಪಿಐಓ 3 ಎಂಬ ಕಾಲಿನಿಂದ ಒಂದು ಟ್ರಾನ್ಸಿಸ್ಟರ್ ಮೂಲಕ ಪಿಟಿಟಿ ತೆಗೆಯಬಹುದು, ಬೇರೆ ಸೀರಿಯಲ್ ಪೋರ್ಟ್ ಬೇಡ. ಡೈರ್‌ವುಲ್ಫ್‌ನ ಕಾನ್ಫಿಗರೇಷನ್‌ನಲ್ಲಿ ಆಡಿಯೋ ಸಾಧನ, ನಿಮ್ಮ ಕರೆ ಸಂಕೇತ, ಮೋಡೆಮ್ 1200, ಪಿಟಿಟಿ ಈ ನಾಲ್ಕು ಸಾಲು ತುಂಬಿದರೆ ಓಡುತ್ತದೆ. ಬೇರೆ ಪ್ರೋಗ್ರಾಮ್‌ಗಳು ಅದಕ್ಕೆ 8000 ಅಥವಾ 8001ನೇ ಟಿಸಿಪಿ ಪೋರ್ಟ್‌ನಲ್ಲಿ ಅಂಟಿಕೊಳ್ಳುತ್ತವೆ. ಬಂದ ಪ್ರತಿ ಪ್ಯಾಕೆಟ್‌ನ ಪಕ್ಕ ಅದು ಆಡಿಯೋ ಮಟ್ಟ ಬರೆಯುತ್ತದೆ. ಅದು 50ರ ಆಸುಪಾಸು ಇರಲಿ. ಆಪರೇಟಿಂಗ್ ಸಿಸ್ಟಮ್‌ನ ಆಟೋ ಗೇನ್, ನೋಟಿಫಿಕೇಷನ್ ಸದ್ದು ಎರಡನ್ನೂ ಆರಿಸಿ. ವಾಟ್ಸ್‌ಆ್ಯಪ್‌ನ ಟಿಂಗ್ ಸದ್ದು 144.390ರಲ್ಲಿ ಪ್ರಸಾರವಾಗುವುದು ಬೇಡ.

ಕರೆಂಟು ಹೋಗುವ ಊರಿಗೆ ಇನ್ನೊಂದು ಲಾಭ: ಹಳೆ ಪಿಸಿ ನೂರು ವಾಟ್‌ವರೆಗೂ ಕುಡಿಯುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸುಮಾರು 5 ವಾಟ್. ಕೇಳುತ್ತಾ ಕೂತ ರೇಡಿಯೋಗೆ ಇನ್ನು 6 ವಾಟ್ ಸೇರಿಸಿ. 12 ವೋಲ್ಟ್ 42 ಆಂಪಿಯರ್ ಅವರ್ ಬ್ಯಾಟರಿಯ ಅರ್ಧ ಮಾತ್ರ ಬಳಸಿದರೂ 20 ಗಂಟೆ ದಾಟುತ್ತದೆ. ತಂತಿ, ಟವರ್ ಎರಡೂ ಮಲಗಿದ 2018ರ ಆಗಸ್ಟ್‌ನಂಥ ದಿನಗಳಿಗೆ ಈ ಲೆಕ್ಕವೇ ಮುಖ್ಯ.

ಸುತ್ತಮುತ್ತ ಪ್ಯಾಕೆಟ್ ಸ್ಟೇಷನ್ನೇ ಇಲ್ಲ. ಪರೀಕ್ಷೆ ಹೇಗೆ?

ಎರಡು ಚಾನೆಲ್‌ನ ಕಾರ್ಡಾದರೆ ರೇಡಿಯೋ ಇಲ್ಲದೆಯೇ ಎ ಚಾನೆಲ್‌ನ ಹೊರಹೋಗುವ ಆಡಿಯೋವನ್ನು 10 ಕಿಲೋಓಮ್ ಪಾಟ್ ಮೂಲಕ ಬಿ ಚಾನೆಲ್‌ನ ಒಳಕ್ಕೆ ಕೊಡಿ. ಎಯಿಂದ ಕಳಿಸಿದ ಬೀಕನ್ ಪ್ಯಾಕೆಟ್ ಬಿಯಲ್ಲಿ ಕಂಡರೆ ಕಾರ್ಡ್, ಅಡ್ರೆಸ್, ಐಆರ್‌ಕ್ಯೂ, ಮೋಡೆಮ್ ನಾಲ್ಕೂ ಸರಿ.

ಗಾಳಿಯಲ್ಲಿ ಪರೀಕ್ಷಿಸಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇದೆ. ಅದರ ಡಿಜಿಪೀಟರ್ (ಕೇಳಿದ ಪ್ಯಾಕೆಟನ್ನು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಚಾಲೂ ಇರುವಾಗ 145.825ರಲ್ಲಿ 1200 ಬಾಡ್ ಪ್ಯಾಕೆಟ್ ಕೇಳುತ್ತದೆ. ಒಂದು ಹಾಯುವಿಕೆ ಹೆಚ್ಚೆಂದರೆ ಹತ್ತು ನಿಮಿಷ. ಡಾಪ್ಲರ್‌ನಿಂದ ಆವರ್ತನ ಸುಮಾರು 3 ಕಿಲೋಹರ್ಟ್ಸ್ ಆಚೀಚೆ ಆದರೂ ಎಫ್‌ಎಂ ಸೆಟ್ ಅದನ್ನು ಸಹಿಸಿಕೊಳ್ಳುತ್ತದೆ. ಕಣಿವೆಯೊಳಗಿನ ಮನೆಗಾದರೆ ತಲೆ ಮೇಲೆ ಎತ್ತರದಲ್ಲಿ ಹಾಯುವುದನ್ನೇ ಆರಿಸಿ. ದಿಗಂತದ ಹಾಯುವಿಕೆ ಗುಡ್ಡದ ಹಿಂದೆಯೇ ಮುಗಿದಿರುತ್ತದೆ.

ಮಡಿಕೇರಿಯಿಂದ ವಿರಾಜಪೇಟೆ, ಕುಶಾಲನಗರ ಮುಟ್ಟುತ್ತದೆಯೇ?

ದೂರ ನೋಡಿ ಹೇಳಲಾಗದು, ನಡುವೆ ನಿಂತ ಗುಡ್ಡ ನೋಡಬೇಕು. ಮಡಿಕೇರಿಯ ಏಣಿನ ಮೇಲಿನ ಮನೆಯಿಂದ ಪೂರ್ವಕ್ಕೆ ನೆಲ ಇಳಿಯುತ್ತಾ ಹೋಗುವುದರಿಂದ ಆ ಕಡೆ ಸಲೀಸು. ಅದೇ ಪೇಟೆಯ ಹಳ್ಳದಲ್ಲಿರುವ ಮನೆಯಿಂದ ಪಕ್ಕದ ಗ್ರಾಮವೂ ಕೇಳದಿರಬಹುದು. ಭಾಗಮಂಡಲ ಸುತ್ತ ಇನ್ನೂ ಕಷ್ಟ. ಎತ್ತರದ ತೋಟದ ಮನೆಯಲ್ಲಿ ಒಂದು ಡಿಜಿಪೀಟರ್ ಇಟ್ಟರೆ ಇಂಥ ಹತ್ತು ಮನೆಗಳ ಸಮಸ್ಯೆ ಬಗೆಹರಿಯುತ್ತದೆ. ಆದರೆ ಪುಷ್ಪಗಿರಿ, ಬ್ರಹ್ಮಗಿರಿಯಂಥ ಬೆಟ್ಟಗಳು ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಏನನ್ನೂ ನೆಡುವಂತಿಲ್ಲ.

ಕೇಬಲ್ ಬಗ್ಗೆ ಜಿಪುಣತನ ಬೇಡ. 30 ಮೀಟರ್ ಆರ್‌ಜಿ58ರಲ್ಲಿ 6 ಡೆಸಿಬೆಲ್ ನಷ್ಟ, ಅಂದರೆ ಮುಕ್ಕಾಲು ಪವರ್ ಕೇಬಲ್ ಬಿಸಿ ಮಾಡಲಿಕ್ಕೇ ಸರಿ. ಆರ್‌ಜಿ213 ಆದರೆ ಅರ್ಧಕ್ಕಿಂತ ಹೆಚ್ಚು ಮೇಲೆ ತಲುಪುತ್ತದೆ. ಸಿಲ್ವರ್ ಓಕ್ ಮರಕ್ಕೆ ಆಂಟೆನಾ ಕಟ್ಟುವವರು ಗಾಳಿಗೆ ಮರ ತೂಗುವಷ್ಟು ಸಡಿಲ ಬಿಡಿ. ಕರಿಮೆಣಸು ಕೊಯ್ಯುವವರ ಏಣಿಗೆ, ಕೈಗೆ ತಾಗದಂತೆಯೂ ನೋಡಿ.

ಮಳೆಗಾಲದಲ್ಲಿ ಕಾರ್ಡ್ ಕೈಕೊಡುತ್ತದೆ. ಏನು ಉಪಾಯ?

ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಆರಿಸಿಟ್ಟ ಪಿಸಿಯೇ ಬೇಗ ಹಾಳಾಗುವುದು. ದಿನಕ್ಕೆ ಒಂದೆರಡು ಗಂಟೆಯಾದರೂ ಓಡಿಸಿ, ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಬಿಡಿ ಕಾರ್ಡ್‌ಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಹೊರಗಿನ ಪಿಎಲ್259 ಕನೆಕ್ಟರ್‌ಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಮಾಮೂಲು ಟೇಪ್ ಸುತ್ತಿ. ಕೇಬಲ್ ಕಿಟಕಿಯೊಳಗೆ ಬರುವ ಮುನ್ನ ಕೆಳಕ್ಕೆ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜೂನ್‌ನಲ್ಲಿ ಚೆನ್ನಾಗಿದ್ದ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಹಿಂದಿರುಗುವುದರ ಅಳತೆ) ಆಗಸ್ಟ್‌ಗೆ ಏರಿದ್ದರೆ ಕೇಬಲ್ ಅಥವಾ ಕನೆಕ್ಟರ್ ನೀರು ಕುಡಿದಿರಬಹುದು. ತುದಿಯ ಹೆಣಿಗೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ.

ಸಿಡಿಲಿಗೆ?

ಅಪಾಯದ ಕಾಲ ಹೂಮಳೆಯ ಮಾರ್ಚ್‌ನಿಂದ ಮೇ ತನಕ. ಗುಡುಗು ಕೇಳುವ ಮೊದಲೇ ಆಂಟೆನಾದ ಕೋಆಕ್ಸ್ ಕೇಬಲ್ ಕಳಚಿ ಮನೆ ಹೊರಗಿಡಿ. ಪಿಸಿ, ರೇಡಿಯೋ ಸಪ್ಲೈ, ಲ್ಯಾನ್ ತಂತಿ ಎಲ್ಲ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಅರೆಸ್ಟರ್ ಹಾಕಿದರೂ ಇದು ತಪ್ಪದು. ಮಾಸ್ಟ್‌ನ ಅರ್ಥ್ ಮತ್ತು ಮನೆಯ ಅರ್ಥ್ ದಪ್ಪ ತಂತಿಯಲ್ಲಿ ಒಂದಾಗಿರಬೇಕು. ಬೇರೆ ಬೇರೆ ಇದ್ದರೆ ಅವೆರಡರ ನಡುವಿನ ವೋಲ್ಟೇಜ್ ಹಾದುಹೋಗುವುದು ನಿಮ್ಮ ಕಾರ್ಡಿನ ಮೂಲಕವೇ.

ಸೆಕೆಂಡಿಗೊಮ್ಮೆ ಟಕ್ ಟಕ್ ಸದ್ದು ಬರುತ್ತಿದೆ. ಕಾರ್ಡ್ ಕೆಟ್ಟಿದೆಯೇ?

ಅದು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ಬೇಲಿ ಸರಿ ಇದ್ದರೆ ವಿಎಚ್‌ಎಫ್‌ನಲ್ಲಿ ಅಷ್ಟು ಕೇಳಿಸದು. ತಂತಿಗೆ ಹಸಿ ಬಳ್ಳಿ ತಾಗಿ, ಅಥವಾ ಇನ್ಸುಲೇಟರ್ ಒಡೆದು ಕಿಡಿ ಹಾರುತ್ತಿದ್ದರೆ ಕೇಳುತ್ತದೆ. ರಾತ್ರಿ ಬೇಲಿಯುದ್ದಕ್ಕೂ ನಡೆದರೆ ಕಿಡಿ ಕಣ್ಣಿಗೇ ಕಾಣುತ್ತದೆ, ಆದರೆ ಆನೆ ಓಡಾಡುವ ಕಡೆ ಈ ಸಾಹಸ ಬೇಡ. ಹಗಲು ಹ್ಯಾಂಡ್‌ಹೆಲ್ಡ್ ಹಿಡಿದು ಸದ್ದು ಜೋರಾಗುವ ಕಡೆ ಹೋಗಿ. ಒಂದೇ ಸಮನೆ ಗುಂಯ್ ಅನ್ನುವುದಾದರೆ ಇನ್ವರ್ಟರ್ ಅಥವಾ ಅಗ್ಗದ ಎಲ್‌ಇಡಿ ಬಲ್ಬ್. ಒಂದೊಂದಾಗಿ ಆರಿಸಿ ನೋಡಿ.

ಟ್ರಾನ್ಸ್‌ಮಿಟ್ ಆದ ಕೂಡಲೇ ಪಿಸಿ ಹ್ಯಾಂಗ್ ಆಗುತ್ತದೆ, ಪಿಟಿಟಿ ಬಿಡುವುದೇ ಇಲ್ಲ.

ಆಂಟೆನಾ ಹೊರಸೂಸುವ ರೇಡಿಯೋ ಅಲೆ (ಆರ್‌ಎಫ್) ಕೇಬಲ್‌ಗಳ ಮೂಲಕ ಪಿಸಿಯ ಒಳಗೆ ಬರುತ್ತಿದೆ. ಪವರ್ 5 ವಾಟಿಗೆ ಇಳಿಸಿ ನೋಡಿ. ಆಗ ಸರಿಯಾದರೆ ಖಾತ್ರಿ. ಆಡಿಯೋ ಮತ್ತು ಯುಎಸ್‌ಬಿ ಕೇಬಲನ್ನು ಫೆರೈಟ್ ಉಂಗುರದಲ್ಲಿ ಐದಾರು ಸುತ್ತು ಸುತ್ತಿ, ಆಂಟೆನಾವನ್ನು ಪಿಸಿಯಿಂದ ದೂರ ಒಯ್ಯಿರಿ. ಜೊತೆಗೆ ರೇಡಿಯೋದಲ್ಲಿ ಟೈಮ್‌ಔಟ್ ಟೈಮರನ್ನು ಕನಿಷ್ಠ ಅವಧಿಗೆ ಇಡಿ. ಕೆಲವು ಕಾರ್ಡ್‌ಗಳಲ್ಲಿ ಪಿಟಿಟಿಗೆ ವಾಚ್‌ಡಾಗ್ (ಹೆಚ್ಚು ಹೊತ್ತಾದರೆ ಪಿಟಿಟಿ ಬಿಡಿಸುವ ಸುರಕ್ಷೆ) ಇರುತ್ತದೆ. ಅದರ ಜಂಪರನ್ನು ಯಾರೋ ಹಿಂದಿನ ಮಾಲೀಕರು ತೆಗೆದಿದ್ದರೆ ಮತ್ತೆ ಹಾಕಿ.